ಪಣಜಿಯಲ್ಲಿ ಫೆನಿ ಎಲ್ಲಿ ಕುಡಿಯಬೇಕು, ಎಲ್ಲಿ ಕೊಳ್ಳಬೇಕು, ಎಲ್ಲಿ ಉಣ್ಣಬೇಕು

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಗೋವಾಕ್ಕೆ ಹೋಗುವವರಲ್ಲಿ ಹೆಚ್ಚಿನವರು ನೇರವಾಗಿ ಕಡಲತೀರಕ್ಕೆ ಹೋಗುತ್ತಾರೆ. ಪಣಜಿ ಅವರಿಗೆ ಬಸ್ಸು ಬದಲಿಸುವ ಊರು, ಹೆಚ್ಚೆಂದರೆ ಮಾಂಡೋವಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳನ್ನು ದಡದಿಂದ ನೋಡುವ ಊರು. ನಾನೂ ಹಲವು ವರ್ಷ ಹಾಗೆಯೇ ಮಾಡಿದ್ದೆ. ಹೋದ ಏಪ್ರಿಲ್‌ನಲ್ಲಿ ಗೆಳೆಯರೊಬ್ಬರೊಂದಿಗೆ ಮೂರು ದಿನ ಪಣಜಿಯಲ್ಲಿಯೇ ಉಳಿದು, ಗೋವಾದವರು ಹೆಚ್ಚಾಗಿ ಗೇರುಹಣ್ಣಿನಿಂದ ಇಳಿಸುವ ಫೆನಿ ಎಂಬ ಮದ್ಯಕ್ಕಾಗಿ ಅಲ್ಲಿನ ಬಾರು, ವೈನ್ ಶಾಪು, ಊಟದ ಮನೆಗಳನ್ನು ನಡೆದುಕೊಂಡೇ ಹುಡುಕಿದೆವು. ಕದಂಬ ಬಸ್ ನಿಲ್ದಾಣದಲ್ಲಿ ಇಳಿದು (ಗೋವೆಯನ್ನಾಳಿದ ಕದಂಬರ ಹೆಸರನ್ನು ಅಲ್ಲಿನ ಸಾರಿಗೆ ಸಂಸ್ಥೆ ಇಟ್ಟುಕೊಂಡಿರುವುದು ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ) ಪಾಟೊ ಸೇತುವೆ ದಾಟಿದರೆ ಹಳೆಯ ಪೋರ್ಚುಗೀಸ್ ಮನೆಗಳ ಫೊಂಟೈನಾಸ್ ಕೇರಿ ಸಿಗುತ್ತದೆ. ನಾವು ಹುಡುಕುತ್ತಿದ್ದುದರಲ್ಲಿ ಬಹುಪಾಲು ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿಯೇ ಇತ್ತು. ಕುಡಿದ ಮೇಲೆ ಗಾಡಿ ಓಡಿಸುವ ಪ್ರಮೇಯವೇ ಬರದ ಊರು ಎಂಬುದು ಸಣ್ಣ ಗುಣವಲ್ಲ.

ಒಳ್ಳೆಯ ಅಂಗಡಿಯನ್ನು ಗುರುತಿಸುವುದಕ್ಕೆ ಮೊದಲು ಫೆನಿ ಏನೆಂಬುದನ್ನು ತಿಳಿದಿರಬೇಕು, ಏಕೆಂದರೆ ಮಾರುವವನಿಗೆ ಕೇಳಬೇಕಾದ ಪ್ರಶ್ನೆಗಳು ಅದರಿಂದಲೇ ಹುಟ್ಟುತ್ತವೆ. ಗೇರುಮರ ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದದ್ದು. ಮಾರ್ಚ್‌ನಿಂದ ಮೇ ತಿಂಗಳವರೆಗೆ, ಮಾಗಿ ತಾನಾಗಿಯೇ ಉದುರಿದ ಹಣ್ಣನ್ನು ಆರಿಸಿ, ಬೀಜ ಕಿತ್ತು, ತುಳಿದು ರಸ ತೆಗೆಯುತ್ತಾರೆ. ಆ ರಸಕ್ಕೆ ಏನನ್ನೂ ಬೆರೆಸದೆ ಎರಡು ಮೂರು ದಿನ ಹುಳಿಯಲು ಬಿಟ್ಟು ಭಟ್ಟಿ ಇಳಿಸಿದಾಗ ಮೊದಲು ಬರುವುದು ಉರಾಕ್. ಅದರಲ್ಲಿ ಮದ್ಯಸಾರ ಸುಮಾರು ಶೇಕಡಾ 15ರಷ್ಟು. ಉರಾಕ್‌ಗೆ ಮತ್ತೆ ಹುಳಿತ ರಸ ಸೇರಿಸಿ ಇನ್ನೊಮ್ಮೆ ಇಳಿಸಿದರೆ ಫೆನಿ, ಶೇಕಡಾ 42ರ ಆಸುಪಾಸಿನದು. ಉರಾಕ್ ಬಹುಕಾಲ ಕೆಡದೆ ನಿಲ್ಲುವುದಿಲ್ಲವಾದ್ದರಿಂದ ಅದು ಬೇಸಿಗೆಯಲ್ಲಿ ಮಾತ್ರ ಸಿಗುವ ಪಾನೀಯ. ಫೆನಿ ವರ್ಷವಿಡೀ ಸಿಗುತ್ತದೆ. ತೆಂಗಿನ ಕಳ್ಳಿನಿಂದ ಇಳಿಸುವ ಫೆನಿ ಬೇರೆಯೇ, ಅದು ಹೆಚ್ಚಾಗಿ ದಕ್ಷಿಣ ಗೋವಾದ್ದು. ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, 2016ರಲ್ಲಿ ಗೋವಾ ಸರಕಾರ ಅದನ್ನು ರಾಜ್ಯದ ಪಾರಂಪರಿಕ ಪಾನೀಯವೆಂದು ಘೋಷಿಸಿತು. ಇಷ್ಟೆಲ್ಲ ಗೌರವವಿದ್ದರೂ ನಾಡ ಸಾರಾಯಿಯ ವರ್ಗದಲ್ಲಿಯೇ ಬಹುಕಾಲ ಉಳಿದದ್ದರಿಂದ ಅದು ಹೊರರಾಜ್ಯಗಳ ಅಂಗಡಿಗಳಿಗೆ ಬರಲಿಲ್ಲ. ಅದನ್ನು ಅದರ ಊರಿನಲ್ಲಿಯೇ ಹುಡುಕಬೇಕಾದದ್ದು ಇದೇ ಕಾರಣಕ್ಕೆ.

ಮೊದಲ ದಿನ ನಾವು ಮೋಸ ಹೋದೆವು. ಜನನಿಬಿಡ ರಸ್ತೆಯೊಂದರ ದೊಡ್ಡ ಅಂಗಡಿಯಲ್ಲಿ ಗೇರುಬೀಜದ ಆಕಾರದ ಬಾಟಲಿಯೊಂದನ್ನು ಮುಂದಿಟ್ಟು, ಇದಕ್ಕಿಂತ ಒಳ್ಳೆಯದು ಗೋವಾದಲ್ಲಿಯೇ ಇಲ್ಲ ಎಂದರು. ಎಲ್ಲಿ ಇಳಿಸಿದ್ದು ಎಂದು ಕೇಳಿದರೆ ಉತ್ತರವಿಲ್ಲ. ಯಾವ ವರ್ಷದ್ದು ಎಂದರೆ ನಗು. ಸಂಕೋಚಕ್ಕೆ ಕಟ್ಟುಬಿದ್ದು ಕೊಂಡ ಆ ಬಾಟಲಿಯನ್ನು ಕೋಣೆಯಲ್ಲಿ ತೆರೆದಾಗ ಮೂಗಿಗೆ ಬಂದದ್ದು ಹಣ್ಣಿನ ವಾಸನೆಯಲ್ಲ, ಐಸ್ ಕ್ಯಾಂಡಿಗೆ ಹಾಕುವ ಎಸೆನ್ಸಿನಂಥ ಸಿಹಿ ವಾಸನೆ. ಬಾಟಲಿಯ ಚಂದಕ್ಕೆ ಕೊಟ್ಟ ಹಣ ಅದು ಎಂದು ಆಗ ತಿಳಿಯಿತು.

ಎರಡನೆಯ ದಿನ ಮುನಿಸಿಪಲ್ ಮಾರುಕಟ್ಟೆಯ ಹತ್ತಿರದ ಒಂದು ಚಿಕ್ಕ ವೈನ್ ಶಾಪಿಗೆ ಹೋದೆವು. ಕಪಾಟುಗಳಲ್ಲಿ ಧೂಳಿತ್ತು, ಬೆಳಕು ಕಡಿಮೆ. ಆದರೆ ಗಲ್ಲೆಯ ಮೇಲೆ ಕುಳಿತಿದ್ದ ಹಿರಿಯರು ನಾವು ಬಾಯಿ ತೆರೆಯುವ ಮೊದಲೇ, ಗೇರಿನದೋ ತೆಂಗಿನದೋ ಎಂದು ಕೇಳಿದರು. ಗೇರಿನದೆಂದಾಗ, ಇದು ಸತ್ತರಿ ತಾಲ್ಲೂಕಿನ ಕಡೆಯದು, ಹೋದ ವರ್ಷದ ಸುಗ್ಗಿಯದು ಎಂದು ಹೇಳಿ, ಒಂದು ಹನಿಯನ್ನು ನನ್ನ ಅಂಗೈಗೆ ಬಿಟ್ಟು ಉಜ್ಜಲು ಹೇಳಿದರು. ಸಾರ ಆರಿದ ಮೇಲೆ ಅಂಗೈಯಲ್ಲಿ ಉಳಿದದ್ದು, ನಮ್ಮ ಕರಾವಳಿಯ ಗುಡ್ಡಗಳಲ್ಲಿ ಬೇಸಿಗೆಯ ಮಧ್ಯಾಹ್ನ ಗೇರುಹಣ್ಣು ಕೊಳೆಯತೊಡಗಿದಾಗ ಬರುವ ಅದೇ ಕಟುವಾದ, ಸ್ವಲ್ಪ ಒಗರಾದ ಪರಿಮಳ. ಆ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ, ನಿಜ. ಆದರೆ ಅದನ್ನು ಮರೆಮಾಚುವ ಫೆನಿಯನ್ನು ಫೆನಿಯೆಂದು ಕೊಳ್ಳುವುದಕ್ಕೆ ಅರ್ಥವಿಲ್ಲ. ಚೀಟಿ ಅಂಟಿಸಿದ ಬಾಟಲಿಯೇ ಬೇಕೆನ್ನುವವರಿಗೆ ಕಾಜುಲೊ, ಬಿಗ್ ಬಾಸ್ ಮುಂತಾದ ಹೆಸರಿನವು ಅಂಗಡಿಗಳಲ್ಲಿ ಸಿಗುತ್ತವೆ. ಚೀಟಿಯೇ ಇಲ್ಲದ ಬಾಟಲಿಯನ್ನು, ಎಷ್ಟೇ ಅಗ್ಗವಾದರೂ, ಪರಿಚಯವಿಲ್ಲದವರ ಕೈಯಿಂದ ಕೊಳ್ಳಬಾರದು.

ಅದೇ ಅಂಗಡಿಯಲ್ಲಿ ವಿಸ್ಕಿಯ ಕಪಾಟನ್ನೂ ನೋಡಿದೆವು. ಪಾಲ್ ಜಾನ್ ಸಿಂಗಲ್ ಮಾಲ್ಟ್ ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಕಂಪನಿಯದಾದರೂ ತಯಾರಾಗುವುದು ಗೋವಾದ ಕುಂಕಳ್ಳಿಯಲ್ಲಿ. 2012ರಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂದದ್ದು ಬ್ರಿಟನ್ನಿನಲ್ಲಿ. ಇತ್ತೀಚಿನ ವರ್ಷಗಳಲ್ಲಿ ಗೋವಾದಲ್ಲಿ ತಯಾರಾಗುತ್ತಿರುವ ಸ್ಟ್ರೇಂಜರ್ ಆ್ಯಂಡ್ ಸನ್ಸ್‌ನಂಥ ಜಿನ್‌ಗಳೂ ಅಲ್ಲಿದ್ದವು. ಇವೆಲ್ಲ ಒಳ್ಳೆಯವೇ, ಬೆಲೆಯೂ ಕರ್ನಾಟಕಕ್ಕಿಂತ ಕಡಿಮೆ. ಆದರೆ ಬೆಂಗಳೂರಿನಲ್ಲಿಯೂ ಸಿಗುವುದಕ್ಕಾಗಿ ಪಣಜಿಯ ಒಂದು ಸಂಜೆಯನ್ನು ಕೊಡುವುದು ನನಗೆ ಸರಿಯೆನಿಸಲಿಲ್ಲ.

ಬಾರುಗಳ ವಿಷಯಕ್ಕೆ ಬಂದರೆ, ಈ ಪ್ರವಾಸದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಫೊಂಟೈನಾಸ್ ಮಗ್ಗುಲಿನ ಓಣಿಯಲ್ಲಿರುವ ಜೋಸೆಫ್ ಬಾರ್. ನಮ್ಮ ಕಡೆಯ ಒಂದು ಕಿರಾಣಿ ಅಂಗಡಿಯಷ್ಟೇ ಜಾಗ. ಒಳಗೆ ಕೆಲವೇ ಮೇಜುಗಳು. ಅವು ತುಂಬಿದ ಮೇಲೆ ಬಂದವರು ಗ್ಲಾಸು ಹಿಡಿದು ಹೊರಗೆ ನಿಲ್ಲುತ್ತಾರೆ, ಕತ್ತಲಾಗುವ ಹೊತ್ತಿಗೆ ಓಣಿಯೇ ಬಾರಿನ ವಿಸ್ತರಣೆಯಂತಾಗುತ್ತದೆ. ಅಬ್ಬರದ ಸಂಗೀತವಿಲ್ಲದ್ದರಿಂದ ಪಕ್ಕದವರ ಮಾತು ಕೇಳುತ್ತದೆ, ಹೊಸಬರನ್ನೂ ಮಾತಿಗೆ ಎಳೆಯುತ್ತಾರೆ. ಏಪ್ರಿಲ್ ಆದ್ದರಿಂದ ನಾವು ಉರಾಕ್ ಕೇಳಿದೆವು. ಗೋವಾದವರು ಅದನ್ನು ಕುಡಿಯುವ ರೀತಿ ಸರಳ: ಲಿಮ್ಕಾ, ಹಿಂಡಿದ ನಿಂಬೆ, ಚಿಟಿಕೆ ಉಪ್ಪು, ಸೀಳಿದ ಹಸಿಮೆಣಸು. ಮೊದಲ ಗುಟುಕಿನಲ್ಲಿ ನಿಂಬೆ, ಆಮೇಲೆ ಹಣ್ಣು, ಕೊನೆಗೆ ನಾಲಗೆಯ ತುದಿಯಲ್ಲಿ ಮೆಣಸಿನ ಚುರುಕು. ಸೆಖೆಯಲ್ಲಿ ಬೆವರಿ ಬಂದವನಿಗೆ ಇದಕ್ಕಿಂತ ಹೊಂದುವ ಪಾನೀಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಶರಬತ್ತಿನಂತೆ ಇಳಿಯುತ್ತದೆ ಎಂಬುದೇ ಅದರ ಅಪಾಯವೂ ಹೌದು. ಎರಡು ಗ್ಲಾಸಿಗೆ ನಿಲ್ಲಿಸಿ, ನಡುವೆ ನೀರು ಕುಡಿಯುವುದು ಒಳ್ಳೆಯದು. ಫೆನಿಯನ್ನು ಮುರುಗಲು (ಕೋಕಂ) ರಸದೊಂದಿಗೆ ಬೆರೆಸಿ ಕೊಡುವುದು ಪಣಜಿಯ ಬಾರುಗಳಲ್ಲಿ ಈಗ ರೂಢಿಯಾಗಿದೆ. ಶಿರಸಿ, ಕುಮಟೆಯವರು ಮನೆಯಲ್ಲಿ ಕುಡಿದು ಬೆಳೆದ ಮುರುಗಲಿನ ಹುಳಿ ಫೆನಿಯ ಒಗರನ್ನು ಎಷ್ಟು ಚೆನ್ನಾಗಿ ತಡೆದುಕೊಳ್ಳುತ್ತದೆ ಎಂಬುದನ್ನು ಒಮ್ಮೆ ನೋಡಲೇಬೇಕು.

ಕುಳಿತು, ನಿಧಾನವಾಗಿ, ಏನಾದರೂ ತಿನ್ನುತ್ತಾ ಕುಡಿಯಬೇಕೆನ್ನುವವರಿಗೆ 31 ಜನವರಿ ರಸ್ತೆಯ ವೆನಿತೆ ಇದೆ. ಮರದ ಮೆಟ್ಟಿಲು ಹತ್ತಿ ಮೇಲೆ ಹೋದರೆ, ರಸ್ತೆಯ ಮೇಲೆ ಚಾಚಿದ ಸಣ್ಣ ಬಾಲ್ಕನಿಗಳಲ್ಲಿ ಇಬ್ಬರು ಎದುರುಬದುರು ಕೂರುವಷ್ಟು ಜಾಗ. ಆ ಬಾಲ್ಕನಿ ಸಿಗಬೇಕಾದರೆ ಸಂಜೆ ಬೇಗ ಹೋಗಬೇಕು. ಸಿಕ್ಕರೆ, ಕೆಳಗೆ ಜನ ಮನೆಗೆ ಮರಳುವುದನ್ನು ನೋಡುತ್ತಾ ಎರಡು ತಾಸು ಕಳೆಯುವುದು ಕಷ್ಟವಲ್ಲ.

ಊಟದಲ್ಲಿ ನನ್ನ ಶಿಫಾರಸು ಮಧ್ಯಾಹ್ನದ ಮೀನೂಟಕ್ಕೆ, ರಾತ್ರಿಯ ಊಟಕ್ಕಲ್ಲ. ಬೆಳಗಿನ ಮಾರುಕಟ್ಟೆಯ ಮೀನು ಮಧ್ಯಾಹ್ನದ ತಟ್ಟೆಗೆ ಬರುತ್ತದೆ. ರಾತ್ರಿಯ ಮೆನುವಿನಲ್ಲಿ ನೂರಾರು ಪದಾರ್ಥಗಳಿರುವ ಕಡೆ ಫ್ರಿಜ್ಜಿನದೇ ಹೆಚ್ಚು. ನದಿ ಕಾಣುವ ಒಂದು ದುಬಾರಿ ಹೋಟೆಲಿನಲ್ಲಿ ನಾನು ತಿಂದ ಅಂಜಲ್ ಹತ್ತಿಯಂತಿತ್ತು. ಅದೇ ಮೀನು ಮರುದಿನ ರಿಟ್ಜ್ ಕ್ಲಾಸಿಕ್‌ನ ಥಾಲಿಯಲ್ಲಿ, ರವೆಯಲ್ಲಿ ಹೊರಳಿಸಿ ಹುರಿದು ಬಂದಾಗ ಹೊರಗೆ ಗರಿ, ಒಳಗೆ ರಸ. ಜೊತೆಗೆ ಅನ್ನ, ತೆಂಗಿನಕಾಯಿ ಅರೆದ ಮೀನು ಸಾರು, ಚಿಪ್ಪಿಕಲ್ಲಿನ ಪಲ್ಯ, ಒಣ ಸಿಗಡಿಯ ಕಿಸ್ಮೂರ್, ಕೊನೆಗೆ ಮುರುಗಲಿನ ಸೋಲ್‌ಕಢಿ. ಒಂದು ಗಂಟೆಗೆ ಮೊದಲೇ ಹೋಗಬೇಕು, ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳುವುದಕ್ಕೂ ಸಿದ್ಧರಿರಬೇಕು. ಬಡಿಸುತ್ತಿದ್ದ ಹುಡುಗ ನಮ್ಮ ಮಾತು ಕೇಳಿ, "ಯಾವೂರ್ರಿ ಸರ?" ಎಂದ. ಬಾಗಲಕೋಟೆ ಕಡೆಯವನು. ಎರಡನೆಯ ಸಲ ಸಾರು ಕೇಳಬೇಕಾಗಲೇ ಇಲ್ಲ. ಗದ್ದಲ ಬೇಡವೆನ್ನುವವರಿಗೆ ದಾದಾ ವೈದ್ಯ ರಸ್ತೆಯ ಕೊಕ್ನಿ ಕ್ಯಾಂಟೀನ್‌ನ ಥಾಲಿಯೂ ಅಷ್ಟೇ ಮನೆಯ ರುಚಿಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ ಎಂಬುದು ನೆನಪಿರಲಿ; ಆ ಎರಡು ತಿಂಗಳು ಕಡಲ ಮೀನಿಗಿಂತ ಹೊಳೆಯ ಮೀನು, ಚಿಪ್ಪಿಕಲ್ಲು, ಒಣ ಮೀನನ್ನು ಕೇಳುವುದು ಮೇಲು. ಮೀನು ತಿನ್ನದ ನನ್ನ ಗೆಳೆಯರು ಬೆಳಿಗ್ಗೆ ಕೆಫೆ ಟಾಟೊ, ಕೆಫೆ ಭೋಸಲೆಗಳ ಭಾಜಿ ಪಾವಿನಲ್ಲಿ ಸುಖವಾಗಿದ್ದರು.

ಕೊಂಡದ್ದನ್ನು ಮನೆಗೆ ತರುವ ವಿಚಾರ ಮಾತ್ರ ಸುಲಭದ್ದಲ್ಲ. ಅಲ್ಲಿನ ಬಾಟಲಿಗಳ ಮೇಲೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುತ್ತದೆ. ಮಾಜಾಳಿಯಂಥ ಗಡಿ ಠಾಣೆಗಳಲ್ಲಿ ನಮ್ಮ ಅಬಕಾರಿಯವರು ಬಸ್ಸು ಹತ್ತಿ ಚೀಲ ಬಿಚ್ಚಿಸುತ್ತಾರೆ, ಸಿಕ್ಕಿದರೆ ಪ್ರಕರಣ ದಾಖಲಾಗುತ್ತದೆ. ಅಗ್ಗವೆಂದು ನಾಲ್ಕು ಬಾಟಲಿ ತುಂಬಿಕೊಂಡು ಬಂದು ಗಡಿಯಲ್ಲಿ ತಲೆತಗ್ಗಿಸಿ ನಿಂತವರನ್ನು ನಾನು ನೋಡಿದ್ದೇನೆ. ಆದ್ದರಿಂದ ಸತ್ತರಿಯ ಆ ಫೆನಿಯಲ್ಲಿ ಉಳಿದದ್ದನ್ನು ನಾವು ತಂಗಿದ್ದ ಮನೆಯ ಯಜಮಾನರಿಗೆ ಕೊಟ್ಟೆವು. ಅವರು ಮುಚ್ಚಳ ತೆರೆದು ಮೂಸಿ, ಎಲ್ಲಿ ತಂದಿರಿ ಎಂದು ಕೇಳಿ, ಮಾರುಕಟ್ಟೆಯ ಆ ಹಿರಿಯರ ಅಂಗಡಿಯ ಗುರುತು ಹೇಳಿದಾಗ ತಲೆದೂಗಿದರು. ಕಾನ್ಫೆಯಿತಾರಿಯಾ 31 ದೆ ಜನೇರೊ ಬೇಕರಿಯಿಂದ ಕೊಂಡ ಬೆಬಿಂಕ ಎಂಬ ಪದರು ಪದರಿನ ಗೋವಾ ಸಿಹಿ ಮತ್ತು 18 ಜೂನ್ ರಸ್ತೆಯ ಅರ್ಧ ಕಿಲೊ ಗೋಡಂಬಿಯೊಂದಿಗೆ ನಾವು ಹುಬ್ಬಳ್ಳಿಯ ಬಸ್ಸು ಹತ್ತಿದೆವು.