ಪಾಸ್ ಕಲಿಸುವ ಐದು ಆಟಗಳು: ಯಾವುದು ಯಾರಿಗೆ?

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಗೋಳುಹೊಯ್ದುಕೊಂಡದ್ದು ಪಾಸ್. ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವ ಡ್ರಿಬ್ಲಿಂಗನ್ನು ಮಕ್ಕಳು ಒಬ್ಬೊಬ್ಬರೇ ಮೂಲೆಯಲ್ಲಿ ನಿಂತೂ ಕಲಿತುಬಿಡುತ್ತಾರೆ. ರಿಂಗ್‌ಗೆ ಎಸೆಯುವ ಆಸೆಯನ್ನಂತೂ ಯಾರೂ ಹುಟ್ಟಿಸಬೇಕಾಗಿಲ್ಲ. ಆದರೆ ಕಷ್ಟಪಟ್ಟು ಕೈಗೆ ಬಂದ ಚೆಂಡನ್ನು ಇನ್ನೊಬ್ಬರಿಗೆ ಕೊಡುವುದೆಂದರೆ ಏಳು ವರ್ಷದವರ ಲೆಕ್ಕದಲ್ಲಿ ಶುದ್ಧ ನಷ್ಟ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಎರಡೂ ಕೈಯಿಂದ ಎದೆಯ ಮಟ್ಟದಲ್ಲಿ ತಳ್ಳುವ ಚೆಸ್ಟ್ ಪಾಸ್ ಮಾಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಕೈ ಪಳಗುತ್ತದೆ: ಮೊಣಕೈ ಮೈಗೆ ಹತ್ತಿರ, ಒಂದು ಹೆಜ್ಜೆ ಮುಂದೆ, ಚೆಂಡು ಬಿಟ್ಟ ಮೇಲೆ ಹೆಬ್ಬೆರಳುಗಳು ನೆಲದ ಕಡೆಗೆ. ಆಟ ಶುರುವಾದೊಡನೆ ಅದೆಲ್ಲ ಮಾಯ. ಪಾಸ್ ಪಡೆಯಬೇಕಾದವರು ಈಗ ಎದುರಿಗೆ ನಿಂತಿಲ್ಲ, ಓಡುತ್ತಿದ್ದಾರೆ. ನಡುವೆ ಬೇರೆ ಯಾರೋ ಕೈ ಚಾಚಿದ್ದಾರೆ.

ಅದಕ್ಕೇ ಆಟದಲ್ಲೇ ಕಲಿಯಲಿ ಎಂದು ಐದು ಆಟಗಳನ್ನು ಬೇರೆ ಬೇರೆ ವಯಸ್ಸಿನ ಗುಂಪುಗಳಲ್ಲಿ ಆಡಿಸಿ ನೋಡಿದ್ದೇನೆ: ಸಾಲು ರಿಲೇ, ಪಾಸ್ ಮುಟ್ಟಾಟ, ನಡುವಿನ ಕೋತಿ, ಹತ್ತು ಪಾಸ್, ಕ್ಯಾಪ್ಟನ್ ಬಾಲ್. ಅಳೆಯಲು ನಾನು ಇಟ್ಟುಕೊಂಡ ಪ್ರಶ್ನೆ ಒಂದೇ. ಚೆಂಡು ಇಲ್ಲದ ಮಕ್ಕಳು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಾರೆ? ಐವರ ತಂಡದಲ್ಲಿ ಯಾವ ಕ್ಷಣಕ್ಕೂ ಕನಿಷ್ಠ ನಾಲ್ವರ ಕೈ ಖಾಲಿ. ಆ ನಾಲ್ವರು ನಿಂತಲ್ಲೇ ನಿಂತರೆ ಎಷ್ಟೇ ಅಚ್ಚುಕಟ್ಟಾದ ಪಾಸ್ ಆದರೂ ಹೋಗಿ ಸೇರಲು ಜಾಗ ಇರುವುದಿಲ್ಲ.

ಆಟಕ್ಕಿಂತ ಮೊದಲು ಚೆಂಡಿನ ಮಾತು ಮುಗಿಸಿಬಿಡುತ್ತೇನೆ. ಗಂಡಸರ ಪಂದ್ಯಗಳ 7ನೇ ಸೈಜ್ ಚೆಂಡಿನ ಸುತ್ತಳತೆ ಸುಮಾರು 75 ಸೆಂಟಿಮೀಟರ್, ತೂಕ 600 ಗ್ರಾಂ ಆಸುಪಾಸು. ಎಂಟು ವರ್ಷದ ಮಗು ಅದನ್ನು ಎದೆಯ ಮಟ್ಟದಿಂದ ತಳ್ಳಲಾರದೆ ಸೊಂಟದಿಂದ ಬೀಸಿ ಎಸೆಯುತ್ತದೆ, ಆಮೇಲೆ ನಾವು ಆ ಬೀಸನ್ನು ತಿದ್ದುತ್ತಾ ಕೂರುತ್ತೇವೆ. 5ನೇ ಸೈಜ್ ಚೆಂಡು ಸುಮಾರು 70 ಸೆಂಟಿಮೀಟರ್, ಅರ್ಧ ಕಿಲೋಗಿಂತ ತುಸು ಕಡಿಮೆ. ಒಂಬತ್ತರಿಂದ ಹನ್ನೊಂದರವರಿಗೆ ಅದೇ ಸರಿ. ಅದಕ್ಕಿಂತ ಚಿಕ್ಕವರಿಗೆ ಇನ್ನೂ ಸಣ್ಣ ರಬ್ಬರ್ ಚೆಂಡು, ಚೆಂಡು ಬಂದಾಗ ಮುಖ ತಿರುಗಿಸಿ ಕಣ್ಣು ಮುಚ್ಚುವವರಿಗೆ ಸ್ಪಂಜಿನ ಚೆಂಡು. ಬೆರಳಿಗೆ ಒಮ್ಮೆ ಪೆಟ್ಟು ಬಿದ್ದರೆ ಆ ಮಗು ವಾರಗಟ್ಟಲೆ ಪಾಸ್ ಬೇಡುವುದಿಲ್ಲ, ಹಾಗಾಗಿ ಇಲ್ಲಿ ಜಿಪುಣತನ ಬೇಡ.

ಸಾಲು ರಿಲೇ ಎಲ್ಲೆಡೆ ಆಡಿಸುವ ಆಟ. ಎರಡು ಸಾಲು ಎದುರುಬದುರು, ಪಾಸ್ ಕೊಟ್ಟು ಸಾಲಿನ ಹಿಂದಕ್ಕೆ ಓಟ, ಮೊದಲು ಮುಗಿಸಿದ ತಂಡಕ್ಕೆ ಗೆಲುವು. ವಿವರಿಸಲು ಅರ್ಧ ನಿಮಿಷ ಸಾಕು, ದೂರದಿಂದ ನೋಡುವವರಿಗೆ ತರಗತಿ ಶಿಸ್ತಾಗಿ ಕಾಣುತ್ತದೆ. ನನಗೆ ಇದರ ಮೇಲೆ ನಂಬಿಕೆ ಕಡಿಮೆ. ಎಂಟು ಜನರ ಗುಂಪಿನಲ್ಲಿ ಏಳು ಜನ ಕಾಯುತ್ತಿರುತ್ತಾರೆ, ಸ್ನೇಹಿತನ ಅಂಗಿ ಎಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ. ವೇಗಕ್ಕೆ ಬಹುಮಾನ ಇಟ್ಟ ಮೇಲೆ ಕೈ ಕೆಡುವುದೂ ಸಹಜ: ಹಿಡಿಯುವವರ ಕಾಲಿಗೆ, ತಲೆಗೆ, ಪಕ್ಕದ ಸಾಲಿಗೆ ಚೆಂಡು ಹಾರುತ್ತದೆ. ಒಂದು ಸಣ್ಣ ಬದಲಾವಣೆಯಿಂದ ಇದನ್ನು ಸಹಿಸಬಹುದು. ಯಾರು ಮೊದಲು ಮುಗಿಸುತ್ತಾರೆ ಎನ್ನುವುದನ್ನು ಬಿಟ್ಟು, ಒಂದು ನಿಮಿಷದಲ್ಲಿ ನೆಲಕ್ಕೆ ಬೀಳದೆ ಹಿಡಿದ ಪಾಸ್ ಎಷ್ಟು ಎಂದು ಎಣಿಸುವುದು. ಸಾಲಿಗೆ ಮೂವರೇ ಇರಲಿ. ಹಾಗೆ ಮಾಡಿದಾಗ ಮೈ ಬಿಸಿ ಮಾಡಿಕೊಳ್ಳುವ ಮಟ್ಟಿಗೆ ರಿಲೇ ಬೇಡ ಎನ್ನಲಾರೆ.

ಅದರ ಪಕ್ಕದಲ್ಲಿ ಪಾಸ್ ಮುಟ್ಟಾಟವನ್ನು ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಇಬ್ಬರು ಹಿಡಿಯುವವರು, ಅವರ ಬಳಿ ಒಂದು ಚೆಂಡು, ಉಳಿದವರೆಲ್ಲ ಗೆರೆಯೊಳಗೆ ಓಡುವವರು. ಚೆಂಡು ಕೈಯಲ್ಲಿದ್ದಾಗ ಹೆಜ್ಜೆ ಇಡುವಂತಿಲ್ಲ, ಒಂದು ಕಾಲನ್ನು ನೆಲಕ್ಕೆ ಊರಿ ಇನ್ನೊಂದನ್ನು ಸುತ್ತಲೂ ತಿರುಗಿಸಬಹುದು. ಓಡುವವರನ್ನು ಔಟ್ ಮಾಡಬೇಕಾದರೆ ಕೈಯಲ್ಲಿ ಹಿಡಿದ ಚೆಂಡಿನಿಂದಲೇ ಮುಟ್ಟಬೇಕು. ಎಸೆದು ಹೊಡೆದರೆ ಲೆಕ್ಕಕ್ಕಿಲ್ಲ. ಈ ಕೊನೆಯ ನಿಯಮವನ್ನು ಆಟಕ್ಕೆ ಮುಂಚೆ ಎರಡು ಸಲ ಹೇಳಬೇಕು, ಇಲ್ಲದಿದ್ದರೆ ಯಾರಾದರೂ ಅಳುತ್ತಾ ಬರುವುದು ಖಂಡಿತ. ಔಟಾದವರು ಹೊರಗೆ ಕೂರುವುದಿಲ್ಲ, ಹಿಡಿಯುವವರ ಗುಂಪಿಗೆ ಸೇರುತ್ತಾರೆ.

ಇಲ್ಲಿ ಹೇಳಿಕೊಡದೆಯೇ ನಡೆಯುವ ಕಲಿಕೆ ಒಂದಿದೆ. ನಡೆಯುವಂತಿಲ್ಲವಾದ್ದರಿಂದ ಓಡುವವರ ಹತ್ತಿರಕ್ಕೆ ಚೆಂಡು ತಲುಪಬೇಕಾದರೆ ಜೊತೆಗಾರರು ಮೊದಲೇ ಅಲ್ಲಿಗೆ ಹೋಗಿ ಕೈ ತೋರಿಸಿ ನಿಂತಿರಬೇಕು. ಅಂದರೆ ಚೆಂಡು ಇಲ್ಲದವರೇ ಆಟವನ್ನು ಮುಂದಕ್ಕೆ ಒಯ್ಯುತ್ತಾರೆ. ಪಾಸುಗಳೂ ತಾನಾಗಿಯೇ ಗಿಡ್ಡವಾಗುತ್ತವೆ, ಚುರುಕಾಗುತ್ತವೆ. ಚೆಂಡನ್ನು ಕಸಿಯಲು ಯಾರೂ ಬರುವುದಿಲ್ಲವಾದ್ದರಿಂದ ಅಂಜುಬುರುಕ ಮಕ್ಕಳಿಗೆ ಹಿಡಿಯಲು, ತಲೆಯೆತ್ತಿ ನೋಡಲು ಪುರುಸೊತ್ತು ಸಿಗುತ್ತದೆ. ಆರು, ಏಳು, ಎಂಟು ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಆಟ ನನಗೆ ಸಿಕ್ಕಿಲ್ಲ. ಕೊರತೆಯೂ ಅಲ್ಲೇ ಇದೆ. ಅಡ್ಡ ನಿಂತವರನ್ನು ದಾಟಿಸಿ ಚೆಂಡು ಕೊಡುವುದನ್ನು ಇದು ಕಲಿಸುವುದಿಲ್ಲ.

ಆ ಪಾಠಕ್ಕೆ ಎರಡು ಆಟಗಳು ಸ್ಪರ್ಧೆಗೆ ನಿಲ್ಲುತ್ತವೆ. ನಡುವಿನ ಕೋತಿ ಎಲ್ಲರಿಗೂ ಗೊತ್ತು: ಸುತ್ತ ಮೂವರು ಅಥವಾ ನಾಲ್ವರು, ನಡುವೆ ಒಬ್ಬರು. ಸುಳ್ಳು ಸನ್ನೆ ಕಲಿಸುವುದಕ್ಕೆ ಇದು ಹೇಳಿ ಮಾಡಿಸಿದ ಆಟ. ಮೇಲೆ ಎಸೆಯುವಂತೆ ತೋರಿಸಿದರೆ ನಡುವಿನವರ ಕೈ ಮೇಲೇಳುತ್ತದೆ, ಆಗ ಕೆಳಗಿನಿಂದ ಬೌನ್ಸ್ ಪಾಸ್. ಬೌನ್ಸ್ ಪಾಸಿನ ಚೆಂಡು ದೂರದ ಮೂರನೇ ಎರಡು ಭಾಗದ ಹತ್ತಿರ ನೆಲ ಮುಟ್ಟಬೇಕು ಎಂದು ಬಾಯಲ್ಲಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಈ ಆಟದಲ್ಲಿ, ನಡುವಿನವರ ಕಾಲಿನ ಪಕ್ಕದಲ್ಲೇ ಪುಟಿಸಿದ ಚೆಂಡು ಅವರನ್ನು ದಾಟಿ ಗೆಳೆಯರ ಸೊಂಟದ ಮಟ್ಟಕ್ಕೆ ಬಂದಾಗ, ಲೆಕ್ಕ ತಾನಾಗಿ ಅರ್ಥವಾಗುತ್ತದೆ.

ಆದರೆ ಹಳೆಯ ನಿಯಮದಂತೆ ಆಡಿಸಬಾರದು. ಚೆಂಡು ಕಳೆದುಕೊಂಡವರು ನಡುವೆ ಹೋಗಬೇಕು ಎಂದಿಟ್ಟರೆ, ಗುಂಪಿನಲ್ಲಿ ಯಾರ ಕೈ ಎಲ್ಲರಿಗಿಂತ ಹಸಿಯೋ ಅವರು ಅರ್ಧ ತಾಸು ನಡುವೆಯೇ ಉಳಿಯುತ್ತಾರೆ. ಪಾಸ್ ಕಲಿಯಬೇಕಾದ ಮಗುವೇ ಪಾಸ್ ಮಾಡದೆ ಮನೆಗೆ ಹೋಗುತ್ತದೆ. ಮೂವತ್ತು ಸೆಕೆಂಡಿಗೊಮ್ಮೆ ಸೀಟಿ ಊದಿ ಸರದಿ ಬದಲಿಸುವುದು ಉತ್ತಮ. ಚೆಂಡು ತಲೆಗಿಂತ ಮೇಲೆ ಹೋಗಬಾರದು ಎಂಬ ನಿಯಮವೂ ಬೇಕು. ಇಲ್ಲದಿದ್ದರೆ ಎತ್ತರದ ಇಬ್ಬರು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ. ‘ಕೋತಿ’ ಎಂದು ಕರೆಯುವುದರಲ್ಲಿ ನನಗೆ ತಕರಾರಿಲ್ಲ, ಮಕ್ಕಳಿಗೂ ಇಲ್ಲ.

ಹತ್ತು ಪಾಸ್ ಬೇರೆಯೇ ಮಟ್ಟದ ಆಟ. ಮೂವರ ಎದುರು ಮೂವರು, ಹತ್ತು ಹೆಜ್ಜೆ ಉದ್ದಗಲದ ಚೌಕ, ಡ್ರಿಬಲ್ ಇಲ್ಲ. ಚೆಂಡು ಕಳೆದುಕೊಳ್ಳದೆ ಹತ್ತು ಪಾಸ್ ಮುಗಿಸಿದರೆ ಒಂದು ಅಂಕ. ಹಿಡಿದವರೇ ಗಟ್ಟಿಯಾಗಿ ಎಣಿಸಬೇಕು. ಕೋತಿ ಆಟದಲ್ಲಿ ಸುತ್ತಲಿನವರು ಒಂದೇ ಜಾಗದಲ್ಲಿ ನಿಂತಿರಬಹುದು, ಇಲ್ಲಿ ನಿಂತರೆ ಕೆಟ್ಟರು. “ಮಿಸ್, ನಾನು ಖಾಲಿ ಇದ್ದೇನೆ, ನನಗೆ ಕೊಡುತ್ತಲೇ ಇಲ್ಲ” ಎಂಬ ದೂರು ಪ್ರತಿ ಗುಂಪಿನಿಂದಲೂ ಬರುತ್ತದೆ. ಆಟ ನಿಲ್ಲಿಸಿ, ಆ ಮಗು ನಿಂತ ಜಾಗದಿಂದ ಚೆಂಡಿಗೆ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ ಯಾರು ನಿಂತಿದ್ದಾರೆ ಎಂದು ಕೇಳುತ್ತೇನೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಗೆರೆ ತೆರೆದುಕೊಳ್ಳುತ್ತದೆ. ಪಾಸ್ ಕುರಿತು ಇಷ್ಟು ಮಕ್ಕಳ ತಲೆಗೆ ಹೋದರೆ ಉಳಿದದ್ದು ಸಲೀಸು, ಮತ್ತು ಇದನ್ನು ಕಲಿಸಲು ಈ ಆಟದಷ್ಟು ಅವಕಾಶ ಬೇರೆ ಯಾವುದೂ ಕೊಡುವುದಿಲ್ಲ.

ಡ್ರಿಬಲ್ ಇಲ್ಲದೆ ಅದೆಂಥ ಬ್ಯಾಸ್ಕೆಟ್‌ಬಾಲ್ ಎಂದು ಗೊಣಗುವವರಿಗೆ ಹೇಳಲು ನನ್ನ ಬಳಿ ಒಂದು ಉತ್ತರವಿದೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1891ರಲ್ಲಿ ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಬರೆದ ಹದಿಮೂರು ನಿಯಮಗಳಲ್ಲಿ ಡ್ರಿಬಲ್ ಇರಲೇ ಇಲ್ಲ. ಚೆಂಡು ಹಿಡಿದು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು ಎಂಬುದು ಮೂರನೇ ನಿಯಮ. ಹೀಗೆ ಹೇಳಿದ ಮೇಲೆ ಗೊಣಗಾಟ ನಿಲ್ಲದಿದ್ದರೂ ಕುತೂಹಲಕ್ಕೆ ತಿರುಗುತ್ತದೆ.

ಹತ್ತು ಪಾಸಿನ ಕಷ್ಟಗಳೂ ಕಡಿಮೆಯಲ್ಲ. ಸಣ್ಣ ಮಕ್ಕಳಿಗೆ ಕೊಟ್ಟರೆ ಆರೂ ಜನ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಚೆಂಡಿನ ಮೇಲೆ ಬೀಳುತ್ತಾರೆ. ಎರಡೇ ಪಾಸಿಗೆ ಚೆಂಡು ಹೋಗುತ್ತದೆ, ಉತ್ಸಾಹವೂ ಹೋಗುತ್ತದೆ. ಅಂಥವರಿಗೆ ಐದು ಪಾಸ್ ಸಾಕು, ಜೊತೆಗೆ ಯಾವ ತಂಡದ ಬಳಿ ಚೆಂಡಿದೆಯೋ ಆ ತಂಡದ ಪರ ಆಡುವ ಒಬ್ಬ ‘ಸಾಮಾನ್ಯ’ ಆಟಗಾರ ಇರಲಿ. ದೊಡ್ಡವರಲ್ಲಿ ಸಮಸ್ಯೆ ಬೇರೆ. ಆಟ ಬಲ್ಲ ಇಬ್ಬರು ತಮ್ಮೊಳಗೇ ಹತ್ತು ಎಣಿಸಿ ಮುಗಿಸುತ್ತಾರೆ. ಕೊಟ್ಟವರಿಗೇ ವಾಪಸು ಕೊಡುವಂತಿಲ್ಲ ಎಂದರೆ ಮೂರನೆಯವರು ಆಟದೊಳಗೆ ಬರುತ್ತಾರೆ. ಚೆಂಡನ್ನು ಅಪ್ಪಿಕೊಂಡು ನಿಲ್ಲುವವರಿಗೆ ಐದು ಸೆಕೆಂಡ್ ಎಣಿಕೆ. ಅದು ನಾನು ಕಟ್ಟಿದ್ದಲ್ಲ: ದೊಡ್ಡವರ ಅಂತರರಾಷ್ಟ್ರೀಯ ನಿಯಮದಲ್ಲೂ ಎದುರಾಳಿ ಹತ್ತಿರ ನಿಂತು ತಡೆಯುತ್ತಿರುವಾಗ ಚೆಂಡು ಹಿಡಿದು ನಿಂತವರಿಗೆ ಸಿಗುವುದು ಅಷ್ಟೇ ಸಮಯ.

ಕ್ಯಾಪ್ಟನ್ ಬಾಲ್ ಇದಕ್ಕೆ ಹತ್ತಿರದ ನೆಂಟ. ಅಂಕಣದ ತುದಿಯ ಪಟ್ಟಿಯಲ್ಲಿ ನಿಂತ ನಾಯಕರಿಗೆ ಪಾಸ್ ತಲುಪಿದರೆ ಅಂಕ. ಆಟಕ್ಕೆ ದಿಕ್ಕು ಬರುವುದರಿಂದ ಮಕ್ಕಳು ಹತ್ತು ಪಾಸಿಗಿಂತ ಇದನ್ನೇ ಹೆಚ್ಚು ಇಷ್ಟಪಡುತ್ತಾರೆ, ಕೂಗಾಟವೂ ಹೆಚ್ಚು. ಪಾಸಿನ ಗುಣ ಮಾತ್ರ ಇಳಿಯುತ್ತದೆ. ತುದಿಯಲ್ಲಿ ಎತ್ತರದ ನಾಯಕಿ ಇದ್ದರೆ ಎಲ್ಲರೂ ದೂರದಿಂದ ಅವಳ ಕಡೆಗೆ ಎಸೆದು ಕೈ ತೊಳೆದುಕೊಳ್ಳುತ್ತಾರೆ. ಅಂಕಕ್ಕೆ ಮೊದಲು ತಂಡದ ಪ್ರತಿಯೊಬ್ಬರೂ ಚೆಂಡು ಮುಟ್ಟಿರಬೇಕು ಎಂದರೆ ಸುಧಾರಿಸುತ್ತದೆ, ಆದರೆ ಯಾರು ಮುಟ್ಟಿದರು ಯಾರು ಬಿಟ್ಟರು ಎಂಬ ಜಗಳ ಬಿಡಿಸಲು ಇನ್ನೊಬ್ಬ ದೊಡ್ಡವರು ಬೇಕು. ಸಹಾಯಕ್ಕೆ ಯಾರೂ ಇಲ್ಲದ ದಿನ ನಾನು ಇದರ ತಂಟೆಗೆ ಹೋಗುವುದಿಲ್ಲ.

ಚೆಂಡು ಕಡಿಮೆ, ಮಕ್ಕಳು ಹೆಚ್ಚು ಎಂಬ ಸ್ಥಿತಿಯಲ್ಲಿ ಆಯ್ಕೆ ಸುಲಭ. ಒಂದೇ ಚೆಂಡಿಗೆ ಹನ್ನೆರಡು ಮಕ್ಕಳನ್ನು ಓಡಿಸಬಲ್ಲದ್ದು ಪಾಸ್ ಮುಟ್ಟಾಟ ಮಾತ್ರ. ಚೆಂಡುಗಳು ಸಾಕಷ್ಟಿದ್ದು ಮಕ್ಕಳು ಒಂಬತ್ತು ದಾಟಿದ್ದರೆ ಮುಟ್ಟಾಟದಿಂದ ಶುರುಮಾಡಿ, ಕೋತಿ ಆಟವನ್ನು ಹತ್ತು ನಿಮಿಷಕ್ಕೆ ಮುಗಿಸಿ, ಉಳಿದ ಸಮಯವನ್ನೆಲ್ಲ ಹತ್ತು ಪಾಸಿಗೆ ಕೊಡುತ್ತೇನೆ. ಹತ್ತು-ಹನ್ನೊಂದರ ಮಕ್ಕಳು ಅದರಲ್ಲಿ ಪಳಗಿದ ಮೇಲೆ ಒಂದೇ ಒಂದು ಡ್ರಿಬಲ್‌ಗೆ ಅನುಮತಿ, ಅದೂ ಪಾಸಿಗೆ ಗೆರೆ ತೆರೆದುಕೊಳ್ಳಲೆಂದು. ಎರಡನೆಯದನ್ನು ಕೇಳಲು ಅವರಿಗೆ ಹೆಚ್ಚು ದಿನ ಹಿಡಿಯುವುದಿಲ್ಲ. ಆಗ ಒಂದು ಸುತ್ತು ಎರಡು ಡ್ರಿಬಲ್ ಬಿಟ್ಟು ನೋಡುತ್ತೇನೆ. ಚೆಂಡು ಇಲ್ಲದವರು ಮತ್ತೆ ನಿಂತಲ್ಲೇ ನಿಲ್ಲತೊಡಗಿದರೆ ಮುಂದಿನ ಸುತ್ತಿಗೆ ಡ್ರಿಬಲ್ ವಾಪಸು ಪಡೆಯುತ್ತೇನೆ.