ಖಾಲಿ ಚೀಲವನ್ನು ಬೆನ್ನಿಗೇರಿಸಿ ನೋಡಿ ಕೊಳ್ಳಬೇಡಿ

ನನ್ನ ಸೊಂಟದ ಮೇಲುಭಾಗದಲ್ಲಿ, ಬಲಗಡೆಗೆ, ಐದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಕಲೆಯೊಂದಿದೆ. ಮೂರು ತಿಂಗಳಾದರೂ ಮಾಸಿಲ್ಲ. ದೂರದ ಓಟಕ್ಕೆ ನೀರು ಹೊರಲೆಂದು 1,600 ರೂಪಾಯಿ ಕೊಟ್ಟು ತಂದ, ಬೆನ್ನಿಗೇರಿಸಿಕೊಂಡು ಕೊಳವೆಯಿಂದ ನೀರು ಹೀರುವ ಚೀಲ ಬಿಟ್ಟುಹೋದ ಗುರುತು ಅದು. ಅಂಥದ್ದೇ ಚೀಲ ಕೊಳ್ಳಲು ಹೊರಟಿರುವವರು ಅಂಗಡಿಗೆ ಹೋಗುವ ಮೊದಲು ಇದನ್ನು ಓದಿಕೊಂಡು ಹೋಗಲಿ ಎಂದು ಬರೆಯುತ್ತಿದ್ದೇನೆ.

ನಾನು ವರ್ಷಗಟ್ಟಲೆ ಓಡಿದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ. ಅಲ್ಲಿ ನೀರು ಹೊರುವ ಗೋಜೇ ಇಲ್ಲ. ಬೆಂಚಿನ ಕೆಳಗೆ ಬಾಟಲಿ ಇಟ್ಟು ಹೊರಟರೆ ಸುತ್ತಿಗೊಮ್ಮೆ ಎರಡು ಗುಟುಕು ಸಿಗುತ್ತದೆ. ಚಾಮುಂಡಿ ಬೆಟ್ಟ ಹತ್ತಿದರೂ ಮೇಲೆ ಅಂಗಡಿಗಳಿವೆ. ಆದರೆ ಮ್ಯಾರಥಾನ್‌ಗೆ ಹೆಸರು ಕೊಟ್ಟ ಮೇಲೆ ವಾರಕ್ಕೊಮ್ಮೆ 25–30 ಕಿಲೋಮೀಟರ್ ಓಡಬೇಕಾಯಿತು. ಕೆರೆಯ ಸುತ್ತಲೇ ಅಷ್ಟು ದೂರ ಓಡಿದರೆ ಕಾಲಿಗಿಂತ ಮೊದಲು ತಲೆ ಸೋಲುತ್ತದೆ. ಹಾಗಾಗಿ ವರುಣಾ ನಾಲೆಯ ಏರಿಯನ್ನು ಆರಿಸಿಕೊಂಡೆ. ವಾಹನ ಕಡಿಮೆ, ಎರಡೂ ಕಡೆ ಗದ್ದೆ ತೋಟ. ಒಂದೇ ತೊಡಕೆಂದರೆ ಮೈಲಿಗಟ್ಟಲೆ ಒಂದು ಪೆಟ್ಟಿಗೆ ಅಂಗಡಿಯೂ ಸಿಗುವುದಿಲ್ಲ.

ಅಂಗಡಿಯ ಹುಡುಗ ಬಹಳ ವಿನಯವಂತ. "ಸಾರ್, ಇದರಲ್ಲಿ ಎರಡು ಲೀಟರ್ ನೀರು ಹಿಡಿಯುತ್ತದೆ, ಮೇಲೆ ಮೊಬೈಲು, ಕೀಲಿ, ತಿಂಡಿ ಎಲ್ಲ ಇಟ್ಟುಕೊಳ್ಳಬಹುದು" ಎಂದ. ಬೆನ್ನಿಗೇರಿಸಿಕೊಂಡು ಕನ್ನಡಿಯ ಮುಂದೆ ನಿಂತೆ. ಹಗುರವಾಗಿತ್ತು, ಮೈಗೆ ಅಂಟಿಕೊಂಡಂತಿತ್ತು, ನೋಡಲೂ ಚೆನ್ನಾಗಿತ್ತು. ಖಾಲಿ ಚೀಲ ಯಾರ ಬೆನ್ನಿಗಾದರೂ ಒಪ್ಪುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಎರಡು ಲೀಟರ್ ನೀರೆಂದರೆ ಎರಡು ಕಿಲೋ. ಎರಡು ಕಿಲೋ ಅಕ್ಕಿಯನ್ನು ಬೆನ್ನಿಗೆ ಕಟ್ಟಿಕೊಂಡು ಮೂರು ಗಂಟೆ ಕುಣಿದರೆ ಹೇಗಿರುತ್ತದೆ ಎಂದು ಯೋಚಿಸಿದ್ದರೆ ಅಲ್ಲೇ ಕೆಳಗಿಡುತ್ತಿದ್ದೆ. ಅದು ಸೈಕಲ್ ಸವಾರರಿಗಾಗಿ ಹೊಲಿದ ಚೀಲ ಎಂಬುದು ಆಮೇಲೆ ತಿಳಿಯಿತು. ಸೈಕಲ್ ಮೇಲೆ ಬಾಗಿ ಕುಳಿತವನ ಬೆನ್ನಿನ ಮೇಲೆ ಚೀಲ ಮಲಗಿರುತ್ತದೆ. ನೆಟ್ಟಗೆ ಓಡುವವನ ಬೆನ್ನಿನ ಮೇಲೆ ಅದು ನೇತಾಡುತ್ತದೆ.

ಮಾರ್ಚ್ ತಿಂಗಳ ಒಂದು ಭಾನುವಾರ, ಒಮ್ಮೆಯೂ ಪರೀಕ್ಷಿಸದ ಆ ಚೀಲವನ್ನು ಹೊತ್ತು 28 ಕಿಲೋಮೀಟರ್ ಓಟಕ್ಕೆ ಹೊರಟೆ. ತಪ್ಪು ಅಂಗಡಿಯವನದು ಅರ್ಧವಾದರೆ ಇನ್ನರ್ಧ ನನ್ನದೇ.

ಮೊದಲ ಕಿಲೋಮೀಟರ್ ಮುಗಿಯುವ ಮೊದಲೇ ಬೆನ್ನ ಹಿಂದೆ ಗುಳುಗುಳು ಸದ್ದು ಶುರುವಾಯಿತು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೇವಲ್ಲ, ಅದನ್ನು ಅಕ್ಷರಶಃ ಅರ್ಥ ಮಾಡಿಕೊಳ್ಳಬೇಕಾದ ಜಾಗ ಇದು. ನೀರಿನ ಚೀಲದೊಳಗೆ ಗಾಳಿ ಉಳಿದಿದ್ದರೆ ಹೆಜ್ಜೆಹೆಜ್ಜೆಗೂ ನೀರು ಅತ್ತಿತ್ತ ಹೊಡೆಯುತ್ತದೆ. ತುಂಬಿ ಮುಚ್ಚಿದ ಮೇಲೆ ಚೀಲವನ್ನು ತಲೆಕೆಳಗು ಮಾಡಿ, ಕೊಳವೆಯಿಂದ ಗಾಳಿಯನ್ನೆಲ್ಲ ಹೀರಿ ತೆಗೆದುಬಿಟ್ಟರೆ ಸದ್ದು ನಿಲ್ಲುತ್ತದೆ. ಇಷ್ಟು ಸಣ್ಣ ವಿಷಯವನ್ನು ನನಗೆ ಯಾರೂ ಹೇಳಿರಲಿಲ್ಲ.

ಸದ್ದನ್ನು ಹೇಗೋ ಸಹಿಸಬಹುದಿತ್ತು. ಎದೆಯ ಮೇಲೆ ಇದ್ದದ್ದು ಒಂದೇ ಪಟ್ಟಿ, ಅದನ್ನು ಮೇಲೆ ಕೆಳಗೆ ಸರಿಸಲು ಬರುವುದಿಲ್ಲ. ಬಿಗಿದರೆ ಉಸಿರು ಕಟ್ಟುತ್ತದೆ, ಸಡಿಲಿಸಿದರೆ ಚೀಲದ ತಳ ಸೊಂಟಕ್ಕೆ ಬಡಿಯುತ್ತದೆ. ಒಳಗಡೆಯ ಹೊಲಿಗೆಯ ಅಂಚು ಸರಿಯಾಗಿ ಒಂದೇ ಜಾಗದಲ್ಲಿ ಉಜ್ಜುತ್ತಿತ್ತು. ಎಂಟು ಕಿಲೋಮೀಟರ್ ಹೊತ್ತಿಗೆ ಅಲ್ಲಿ ಉರಿ ಹತ್ತಿತು, ಆ ಉರಿಗೆ ಬೆವರಿನ ಉಪ್ಪು ಸೇರಿತು.

ಬೆನ್ನು ತೊಪ್ಪೆಯಾಗಿತ್ತು. ಬೆವರೆಂದುಕೊಂಡೆ. ಹನ್ನೆರಡನೆಯ ಕಿಲೋಮೀಟರಿನಲ್ಲಿ ಕೊಳವೆ ಕಚ್ಚಿ ಹೀರಿದರೆ ಬಂದದ್ದು ಗಾಳಿ. ಚೀಲ ಇಳಿಸಿ ನೋಡಿದೆ. ಮುಚ್ಚಳ ತಿರುಪಿನ ಮರೆಗೆ ಸರಿಯಾಗಿ ಕೂರದೆ ವಾರೆಯಾಗಿ ತಿರುಗಿ ನಿಂತಿತ್ತು. ನಾನು ಕುಡಿದದ್ದು ಹೆಚ್ಚೆಂದರೆ ಅರ್ಧ ಲೀಟರ್, ಉಳಿದದ್ದೆಲ್ಲ ಚಡ್ಡಿಯ ಮೂಲಕ ನೆಲ ಸೇರಿತ್ತು. ನೀರು ಬೆನ್ನ ಹಿಂದೆ ಇದ್ದರೆ ಆಗುವ ದೊಡ್ಡ ತೊಂದರೆ ಇದೇ: ಎಷ್ಟು ಉಳಿದಿದೆ ಎಂಬುದು ಮುಗಿದ ಮೇಲೆಯೇ ತಿಳಿಯುತ್ತದೆ. ಅದೇ ಅರೆಯಲ್ಲಿ ಮೊಬೈಲ್ ಇತ್ತು, ಸತ್ತುಹೋಗಿತ್ತು. ಓಆರ್‌ಎಸ್ ಪೊಟ್ಟಣದ ಬಾಯಿಯನ್ನು ಮೊದಲೇ ಹರಿದು ಮಡಚಿಟ್ಟಿದ್ದೆ, ಅದೀಗ ಅಂಟಾಗಿತ್ತು. ನೂರು ರೂಪಾಯಿ ನೋಟೊಂದು ಬದುಕಿತ್ತು, ಆದರೆ ಅದನ್ನು ಕೊಟ್ಟು ಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ಪಕ್ಕದಲ್ಲೇ ನಾಲೆ ತುಂಬಿ ಹರಿಯುತ್ತಿತ್ತು. ಮುಖವನ್ನಾದರೂ ತೊಳೆಯೋಣವೆಂದು ಒಂದು ಹೆಜ್ಜೆ ಇಳಿದವನು ಕಾಲು ಜಾರಿದೊಡನೆ ಮೇಲಕ್ಕೆ ಬಂದೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಕಾಂಕ್ರೀಟ್ ಹಾಕಿದ ನಾಲೆಯ ಇಳಿಜಾರು ಪಾಚಿಗಟ್ಟಿ ನುಣ್ಣಗಿರುತ್ತದೆ, ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ. ಈಜು ಬರುವವರಿಗೂ ಹತ್ತಿ ಬರುವುದು ಕಷ್ಟ.

ಒಂದೂವರೆ ಗಂಟೆ ನಡೆದೆ. ಬಿಸಿಲು ಏರಿತ್ತು. ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಕಂಡರು. "ಅವ್ವಾ, ಸ್ವಲ್ಪ ನೀರಿದ್ದರೆ ಕೊಡುತ್ತೀರಾ?" ಎಂದೆ. ಅವರು ನನ್ನನ್ನೂ ಎದೆಯ ಮೇಲೆ ಜೋತಾಡುತ್ತಿದ್ದ ನೀಲಿ ಕೊಳವೆಯನ್ನೂ ನೋಡಿ, "ಅದೇನಪ್ಪಾ ಬೆನ್ನಿಗೆ?" ಎಂದು ಕೇಳಿದರು. ನೀರಿನ ಚೀಲ ಎಂದೆ. "ನೀರಿನ ಚೀಲ ಹೊತ್ತುಕೊಂಡು ಬಂದು ನೀರು ಕೇಳುತ್ತೀಯಲ್ಲಪ್ಪಾ" ಎಂದು ನಗುತ್ತಲೇ ಒದ್ದೆ ಬಟ್ಟೆ ಸುತ್ತಿದ ಬಾಟಲಿಯನ್ನು ಕೊಟ್ಟರು. ಅವರ ಮಗ ಬೈಕಿನಲ್ಲಿ ಮುಖ್ಯರಸ್ತೆಯವರೆಗೆ ಬಿಟ್ಟ.

ಅಲ್ಲಿ ಇನ್ನೊಂದು ತಪ್ಪು ಮಾಡಿದೆ. ಅಂಗಡಿಯಲ್ಲಿ ನಿಂತು ಗಟಗಟನೆ ಎರಡು ಲೀಟರ್ ಬರೀ ನೀರು ಕುಡಿದೆ. ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು, ಹೊಟ್ಟೆ ತೊಳಸಿತು. ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ, ಅದರ ಮೇಲೆ ನೀರೊಂದನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇಕಡಾ 13ರಷ್ಟು ಜನರಲ್ಲಿ ಸೋಡಿಯಂ ಮಟ್ಟ ಕಡಿಮೆಯಿತ್ತು. ಓಟದ ನಡುವೆ ವಿಪರೀತ ಕುಡಿದು ತೂಕ ಹೆಚ್ಚಿಸಿಕೊಂಡವರೇ ಅವರಲ್ಲಿ ಎದ್ದು ಕಂಡರು. ಎರಡು ಲೀಟರ್ ಹಿಡಿಯುತ್ತದೆ ಎಂಬ ಮಾತಿಗೆ ನಾನು ಮರುಳಾದದ್ದು ಎಷ್ಟು ದಡ್ಡತನ ಎಂದು ಇದನ್ನು ಓದಿದ ಮೇಲೆ ಅನ್ನಿಸಿತು. ನನಗೆ ಎಷ್ಟು ನೀರು ಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಈಗ ಒಂದು ಗಂಟೆಯ ಓಟದ ಮುಂಚೆ ಮತ್ತು ನಂತರ, ಬೆವರು ಒರೆಸಿಕೊಂಡು ತೂಕ ನೋಡುತ್ತೇನೆ. ನಡುವೆ ಏನೂ ಕುಡಿಯದಿದ್ದರೆ, ಇಳಿದ ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. ಕುಡಿಯುವ ಲೆಕ್ಕಕ್ಕೆ ಅದು ಮೇಲಿನ ಮಿತಿ, ಅದನ್ನು ಮೀರುವುದಿಲ್ಲ. ಓಆರ್‌ಎಸ್ ಕೊಳ್ಳುವಾಗ ಪೊಟ್ಟಣದ ಮೇಲಿನ ಅಳತೆ ಓದಿ. ದೊಡ್ಡದು ಒಂದು ಲೀಟರಿಗೆ, ಪುಟ್ಟದು 200 ಮಿಲಿಲೀಟರಿಗೆ.

ಚೀಲವನ್ನು ಹಿಂದಿರುಗಿಸಲು ಹೋದರೆ, ಬಳಸಿದ ಮಾಲನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಬಳಸದೆ ಸೋರುತ್ತದೆಂದು ತಿಳಿಯುವುದು ಹೇಗೆ ಎಂದು ಕೇಳಿದೆ. ವಿನಯವಂತ ಹುಡುಗ ಅಂದು ರಜೆಯಲ್ಲಿದ್ದ.

ಈಗ ನನ್ನ ಬಳಿ ಇರುವುದು ಅಂಗಿಯಂತೆ ಮೈಗೆ ಹತ್ತುವ ವೆಸ್ಟ್. ಎದೆಯ ಎರಡು ಜೇಬಿನಲ್ಲಿ ಅರ್ಧರ್ಧ ಲೀಟರಿನ ಮೆದು ಬಾಟಲಿಗಳು. ಕುಡಿದಂತೆಲ್ಲ ಅವು ಕುಗ್ಗುತ್ತವೆ, ತುಳುಕುವುದಿಲ್ಲ, ಕಣ್ಣೆದುರೇ ಲೆಕ್ಕ ಸಿಗುತ್ತದೆ. ಅದನ್ನು ಕೊಳ್ಳುವಾಗ ಎದೆಯ ಸುತ್ತಳತೆ ಬರೆದುಕೊಂಡು ಹೋಗಿ, ಬಾಟಲಿ ತುಂಬಿಸಿ ಕೊಡಿ ಎಂದು ಕೇಳಿ, ಅಂಗಡಿಯೊಳಗೇ ಇಪ್ಪತ್ತು ಸಲ ಜಿಗಿದು ನೋಡಿದೆ. ಗಿರಾಕಿಗಳು ನಕ್ಕರು, ನಗಲಿ. ನೀರು ತುಂಬಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಮನೆಗೆ ತಂದ ರಾತ್ರಿ, ತುಂಬಿದ ಬಾಟಲಿಗಳನ್ನು ದಿನಪತ್ರಿಕೆಯ ಮೇಲೆ ತಲೆಕೆಳಗಾಗಿ ತೂಗುಹಾಕಿದೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು. ಆಮೇಲೆ ಮೂರು ಸಲ ಐದೈದು ಕಿಲೋಮೀಟರ್ ಓಡಿ, ಎಲ್ಲಿ ಉಜ್ಜುತ್ತದೆಂದು ಗುರುತಿಸಿ, ಅಲ್ಲಿಗೆ ವ್ಯಾಸಲೀನ್ ಹಚ್ಚುವುದನ್ನು ರೂಢಿ ಮಾಡಿಕೊಂಡೆ. ಮೊಬೈಲನ್ನು ಬೇರೆ ಜೇಬಿನಲ್ಲಿ, ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಕವರಿನಲ್ಲಿ ಇಡುತ್ತೇನೆ. ಒಂದು ಗಂಟೆಯೊಳಗಿನ ಓಟಕ್ಕೆ ಇದ್ಯಾವುದೂ ಬೇಡ, ಮನೆಯಲ್ಲೇ ಕುಡಿದು ಹೊರಟರೆ ಸಾಕು.

ಕೊಳವೆಯ ಚೀಲವೇ ಬೇಕೆನ್ನುವವರು ಅದರೊಳಗೆ ನೀರಲ್ಲದೆ ಬೇರೇನನ್ನೂ ಹಾಕಬೇಡಿ. ನನ್ನ ಹಳೆಯದರಲ್ಲಿ ಒಮ್ಮೆ ಬೆಲ್ಲದ ಪಾನಕ ತುಂಬಿಸಿ ನೋಡಿ, ತೊಳೆಯಲು ಮರೆತೆ. ನಾಲ್ಕನೆಯ ದಿನ ಕೊಳವೆಯೊಳಗೆ ಕಪ್ಪು ಬೂಷ್ಟು, ಹೊರಗೆ ಇರುವೆಯ ಸಾಲು. ಸೋರುವ ಆ ಚೀಲವನ್ನು ನಮ್ಮಮ್ಮ ಈಗ ತಾರಸಿಯ ಕರಿಬೇವಿನ ಕುಂಡದ ಮೇಲೆ ನೇತುಹಾಕಿದ್ದಾರೆ. ಹನಿಹನಿಯಾಗಿ ಚೆನ್ನಾಗಿಯೇ ಬೀಳುತ್ತದೆ.