ಬಸವನಹುಳುವಿಗೆ ಸೌತೆಕಾಯಿಯೋ, ಕೋಸೋ, ನುಗ್ಗೆಸೊಪ್ಪೋ?

ಮೂಡಿಗೆರೆ ಕಡೆ ಮಳೆ ಹಿಡಿದರೆ ಬಸವನಹುಳುವಿಗೇನೂ ಬರವಿಲ್ಲ. ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿರುವ ಎರಡೂ ಕಾಫಿ ತೋಟದಿಂದ ಮಗಳು ಹಿಡಿದು ತಂದವು. ಮೊನಚು ತುದಿಯ ಉದ್ದ ಚಿಪ್ಪು, ಅದರ ಮೇಲೆ ಕಂದು ಪಟ್ಟೆ. ಆಫ್ರಿಕನ್ ದೈತ್ಯ ಬಸವನಹುಳು ಅಂತಾರಲ್ಲ, ಅದೇ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಾಕ್ಕೆ ಬಂದದ್ದು ಈಗ ಮಲೆನಾಡಿನ ತೋಟಗಳಿಗೂ ಕಾಟ ಕೊಡುತ್ತಿದೆ. "ನಾವು ಉಪ್ಪು ಸುರಿದು ಸಾಯಿಸೋ ಹುಳಕ್ಕೆ ನೀನು ಸೌತೆಕಾಯಿ ಹೆಚ್ಚಿ ಹಾಕ್ತೀಯಲ್ಲ ಮಾರಾಯ್ತಿ" ಅಂತ ಅತ್ತೆ ಬೈಯುತ್ತಲೇ ಇರುತ್ತಾರೆ.

ಸೌತೆಕಾಯಿ ಅಂದರೆ ಇವಕ್ಕೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ದೀಪ ಆರಿಸಿದ ಮೇಲೆ ಚಿಪ್ಪಿನಿಂದ ಮೆಲ್ಲಗೆ ಹೊರಬರುತ್ತವೆ. ಕೆಳಗಿನ ಎರಡು ಚಿಕ್ಕ ಕೊಂಬುಗಳಿಂದ ನೆಲ ತಡವುತ್ತಾ, ವಾಸನೆ ಹಿಡಿಯುತ್ತಾ ನೇರ ಅಲ್ಲಿಗೇ ಹೋಗುತ್ತವೆ. ಬೆಳಿಗ್ಗೆ ನೋಡಿದರೆ ತಿರುಳು ಪೂರ್ತಿ ಖಾಲಿ, ಹಸಿರು ಸಿಪ್ಪೆಯ ಬಳೆ ಮಾತ್ರ ಉಳಿದಿರುತ್ತದೆ. ಆದರೆ ಸೌತೆಕಾಯಿಯಲ್ಲಿ ಶೇ. 95ರಷ್ಟು ನೀರೇ. ಅದನ್ನೇ ದಿನಾ ಹಾಕಿದರೆ ಹಿಕ್ಕೆ ನೀರಾಗುತ್ತದೆ, ತೊಟ್ಟಿ ಬೇಗ ನಾರುತ್ತದೆ. ಇಷ್ಟಪಟ್ಟು ತಿಂದಿತು ಅಂತ ಅದೇ ಒಳ್ಳೆಯ ಊಟ ಅಂದುಕೊಂಡರೆ, ಮಕ್ಕಳಿಗೆ ದಿನಾ ಕುರ್ಕುರೆ ಕೊಟ್ಟಂತೆ.

ಸೀಮೆಬದನೆಯಲ್ಲೂ ನೀರು ಕಡಿಮೆಯೇನಿಲ್ಲ. ಗಟ್ಟಿ ಇರುವುದರಿಂದ ಬೇಗ ಕೊಳೆಯುವುದಿಲ್ಲ, ಅಷ್ಟೇ ಲಾಭ. ಎರಡು ದಿನ ಊರಿಗೆ ಹೋಗುವುದಿದ್ದರೆ ಇದೇ ವಾಸಿ. ಕ್ಯಾರೆಟ್ ತುರಿದು ಹಾಕಿದರೆ ಮಾರನೇ ದಿನ ಹಿಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ತಿಂದ ಬಣ್ಣವೇ ಹೊರಗೆ ಬರುತ್ತದೆ, ಗಾಬರಿ ಬೇಡ. ನಿಜ ಹೇಳಬೇಕೆಂದರೆ ಯಾವುದು ಎಷ್ಟು ತಿಂದವು ಅಂತ ತಿಳಿಯಲು ನನಗೆ ತಟ್ಟೆಗಿಂತ ಹಿಕ್ಕೆಯೇ ನಂಬಿಕೆಯ ಲೆಕ್ಕ.

ಸೊಪ್ಪಿನಲ್ಲಿ ನಾನು ಗೆಲ್ಲಲಿ ಅಂತ ಬಯಸಿದ್ದು ನುಗ್ಗೆಸೊಪ್ಪು. ಚಿಪ್ಪಿಗೆ ಬೇಕಾದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಜಾಸ್ತಿ, ಹಿತ್ತಲಲ್ಲೇ ಸಿಗುತ್ತದೆ. ಆದರೆ ಇವು ಅದರ ಮೇಲೆ ಹತ್ತಿ ಇಳಿದು ಹೋದವು, ಬಾಯಿ ಹಾಕಲಿಲ್ಲ. ಬೇರೆ ಸೊಪ್ಪಿನ ಜೊತೆ ಸಣ್ಣಗೆ ಹೆಚ್ಚಿ ಬೆರೆಸಿದರೆ ಸ್ವಲ್ಪ ಒಳಗೆ ಹೋಗುತ್ತದೆ. ಪಾಲಕ್ ಚೆನ್ನಾಗಿ ತಿಂದವು. ಆದರೆ ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರದಂತೆ ಮಾಡುತ್ತದೆ. ಕೆಸುವಿನ ಎಲೆಯದ್ದೂ ಅದೇ ಕಥೆ. ಕೊನೆಗೆ ನಮ್ಮಲ್ಲಿ ನಿಂತದ್ದು ಎಲೆಕೋಸಿನ ಹೊರ ಎಲೆ. ಸಂತೆಯಲ್ಲಿ ತರಕಾರಿಯವರು ಕಿತ್ತು ಬಿಸಾಡುವ ಎಲೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಔಷಧಿ ಹೊಡೆದಿರುತ್ತಾರೆ, ಚೆನ್ನಾಗಿ ತೊಳೆಯಬೇಕು. ತಾಜಾ ಎಲೆಗಿಂತ ಒಂದು ದಿನ ಬಾಡಿದ್ದೇ ಇವಕ್ಕೆ ರುಚಿ. ಮನೆ ನಿಶ್ಶಬ್ದವಾಗಿದ್ದರೆ ಕೆರೆಯುವ ಸದ್ದು ಕೇಳಿಸುತ್ತದೆ. ನಾಲಿಗೆಯಂಥ ಪಟ್ಟಿಯಲ್ಲಿ ಸಾವಿರಾರು ಸಣ್ಣ ಹಲ್ಲುಗಳಿವೆ, ಎಲೆಯನ್ನು ಅರ ಹಾಕಿದ ಹಾಗೆ ಉಜ್ಜುತ್ತವೆ.

ಒಗ್ಗರಣೆ, ಉಪ್ಪು ಬಿದ್ದ ಪಲ್ಯವನ್ನಂತೂ ಹತ್ತಿರ ತರಬಾರದು. ಅಡಿಕೆ ಮರಕ್ಕೆ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ಹೊಡೆದ ಜಾಗದ ಸೊಪ್ಪೂ ಬೇಡ. ಅದರಲ್ಲಿರುವ ಮೈಲುತುತ್ತ (ತಾಮ್ರದ ಸಲ್ಫೇಟ್) ಇವಕ್ಕೆ ವಿಷ.

ಚಿಪ್ಪಿಗೆ ಸುಣ್ಣ ಕೊಡುವ ವಿಷಯ ಬಂದಾಗ ಮೊಟ್ಟೆಚಿಪ್ಪು ಮತ್ತು ಗಿಳಿ ಪಂಜರದಲ್ಲಿ ಸಿಕ್ಕಿಸುವ ಕಟಲ್ ಬೋನ್ (ಕಟಲ್ ಮೀನಿನ ಒಳಗಿನ ಬಿಳಿ ಚಿಪ್ಪು), ಇವೆರಡರದ್ದೇ ಪೈಪೋಟಿ. ಮೊಟ್ಟೆಚಿಪ್ಪು ಪುಕ್ಕಟೆ. ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಸೊಪ್ಪಿನ ಮೇಲೆ ಉದುರಿಸಬೇಕು. ತರಿತರಿ ಉಳಿದರೆ ಅದನ್ನು ಬಿಟ್ಟು ತಿನ್ನುತ್ತವೆ. ಕಟಲ್ ಬೋನ್‌ಗೆ ದುಡ್ಡು ಬೇಕು, ಆದರೆ ತೊಟ್ಟಿಯ ಮೂಲೆಯಲ್ಲಿಟ್ಟರೆ ಬೇಕಾದಾಗ ಬಂದು ಕೆರೆದುಕೊಳ್ಳುತ್ತವೆ. ಬಿಳಿ ಮೈಮೇಲೆ ಅರ್ಧಚಂದ್ರದಂಥ ಗುರುತು ಬೀಳುತ್ತದೆ, ಎಷ್ಟು ತಿಂದವು ಅನ್ನುವುದು ಕಣ್ಣಿಗೇ ಕಾಣುತ್ತದೆ. ನನ್ನ ಓಟು ಇದಕ್ಕೆ. ಎಲೆ ಅಡಿಕೆಯ ಸುಣ್ಣ ಹಾಕಬೇಡಿ, ಮೈ ಸುಡುತ್ತದೆ. ಶಾಲೆಯ ಸೀಮೆಸುಣ್ಣವೂ ಹೆಚ್ಚಿನದು ಜಿಪ್ಸಂ, ಅದು ಬೇರೆ ವಸ್ತು.

ಸುಣ್ಣ ಸಾಲದಿದ್ದರೆ ಇವೇ ಹೇಳುತ್ತವೆ. ಒಂದು ಇನ್ನೊಂದರ ಬೆನ್ನೇರಿ ಕೂತರೆ ಪ್ರೀತಿ ಅಂದುಕೊಂಡು ಫೋಟೊ ತೆಗೆಯುತ್ತೇವೆ, ಅಲ್ವಾ? ಹತ್ತಿರ ಹೋಗಿ ನೋಡಿ. ಬಾಯಿ ಆಡುತ್ತಿದ್ದರೆ ಅದು ಜೊತೆಗಾರನ ಚಿಪ್ಪನ್ನೇ ಕೆರೆದು ತಿನ್ನುತ್ತಿರುತ್ತದೆ. ಇನ್ನು ಫೆಬ್ರವರಿಯ ಒಣ ಹವೆಯಲ್ಲಿ ಒಳಗೆ ಸೇರಿ ಚಿಪ್ಪಿನ ಬಾಯಿಗೆ ಪೊರೆ ಕಟ್ಟಿಕೊಂಡರೆ ಸತ್ತಿತು ಅಂತ ಎಸೆಯಬೇಡಿ. ಮಣ್ಣಿಗೆ ನೀರು ಚಿಮುಕಿಸಿದರೆ ಹೆಚ್ಚಾಗಿ ಅದೇ ರಾತ್ರಿ ಎದ್ದು ಬರುತ್ತವೆ. ಯಾವಾಗಲೂ ಮುಚ್ಚಳಕ್ಕೇ ಅಂಟಿಕೊಂಡು, ಕೆಳಗೆ ಇಳಿಯುವುದೇ ಇಲ್ಲ ಅಂದರೆ ಮೊದಲು ಮಣ್ಣು ಮೂಸಿ ನೋಡಿ. ನಮ್ಮಲ್ಲಿ ಬಹಳ ಸಲ ಊಟದ ತಪ್ಪಲ್ಲ, ಒದ್ದೆ ಜಾಸ್ತಿಯಾಗಿ ಮಣ್ಣು ಹಳಸಿರುತ್ತದೆ.

ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಇಲಿಯಿಂದ ಬರುವ ಒಂದು ಪರಾವಲಂಬಿ ಹುಳು ಇವುಗಳ ಮೈಯಲ್ಲಿರಬಹುದು, ಅದು ಮನುಷ್ಯರ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಗಂಡು ಹೆಣ್ಣು ಎರಡೂ ಒಂದರಲ್ಲೇ ಇರುವುದರಿಂದ ಎರಡಿದ್ದರೆ ಎರಡೂ ಮೊಟ್ಟೆ ಇಡಬಲ್ಲವು, ಒಂದು ಸಲಕ್ಕೆ ನೂರಾರು. ವಾರಕ್ಕೊಮ್ಮೆ ಮಣ್ಣು ಕೆದಕಿ ನೋಡಿ. ಬಿಳಿ ಹಳದಿ ಗುಂಡು ಮೊಟ್ಟೆ ಸಿಕ್ಕರೆ ಕುದಿಯುವ ನೀರಿಗೆ ಹಾಕಿ, ಹಿತ್ತಲಿಗೆ ಎಸೆಯಬೇಡಿ. ಸಾಕಿ ಸಾಕಾಯಿತು ಅಂತ ಪಕ್ಕದ ತೋಟಕ್ಕೆ ಬಿಡುವುದಂತೂ ಬೇಡವೇ ಬೇಡ.